ಎರಡನೆಯ ಮತ್ತು ಮೂರನೆಯ ಕ್ಯಾಮಿನ ನಡುವೆ

ಸ್ಪ್ರಿಂಗ್ ವ್ಯಾಲಿಯಲ್ಲಿ ಡಾಕ್ಟರ ಮನೆಯ ಗ್ಯಾರೇಜಿಗೆ ಕೋತಿಗಳು ನುಗ್ಗುತ್ತವೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ನಟ್ಟು ಬೋಲ್ಟುಗಳ ಡಬ್ಬಿಯನ್ನು ಎತ್ತಿಕೊಂಡು ಮರ ಹತ್ತಿ, ಒಂದೊಂದನ್ನೇ ಕಚ್ಚಿ ನೋಡಿ ಕೆಳಗೆ ಎಸೆಯುತ್ತವೆ. ಈ ಒಂದೇ ಕಾರಣಕ್ಕೆ, ಡಾಕ್ಟರ ಹಳೆಯ ಕಾರಿನ ಎಂಜಿನ್ ಬಿಚ್ಚಿದಾಗ ಅದರ ಒಳಗಿನ ಭಾಗಗಳೆಲ್ಲ ಪಾರ್ಕ್‌ಲ್ಯಾಂಡ್ಸಿನ ನಮ್ಮ ಫ್ಲ್ಯಾಟಿಗೆ ಬಂದವು. ಬಾಲ್ಕನಿಯ ಪಕ್ಕದ ಸಣ್ಣ ಕೋಣೆಯಲ್ಲಿ ನನ್ನ ಹೆಂಡತಿ ಉಪ್ಪಿನಕಾಯಿ ಜಾಡಿಗಳನ್ನು ಇಡುತ್ತಿದ್ದಳು. ಅವುಗಳನ್ನು ಅಡುಗೆಮನೆಗೆ ಕಳಿಸಿ ಆ ಜಾಗದಲ್ಲಿ ಕಬ್ಬಿಣ ಜೋಡಿಸಿದೆ.

ಡಾಕ್ಟರು ಮಂಗಳೂರಿನ ಕಡೆಯ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ನನ್ನ ಜೊತೆ ಕನ್ನಡ. ಕಾರು ಅವರ ತಂದೆಯದು. ನನಗಿಂತ ನಾಲ್ಕು ವರ್ಷ ದೊಡ್ಡದು. ನಾನು ಮೈಸೂರಿನವನು, ಈ ಸ್ವಾಹಿಲಿ ನಾಡಿಗೆ ಬಂದು ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ನೋಡಿಕೊಂಡಿದ್ದು ನಿವೃತ್ತನಾದೆ. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಕಾಫಿ, ಏಳರಿಂದ ಒಂಬತ್ತರವರೆಗೆ ಕಬ್ಬಿಣದ ಕೆಲಸ, ಆಮೇಲೆ ಪೇಪರು. ಹದಿನೇಳನೆಯ ವಯಸ್ಸಿಗೆ ಸೇರಿದ ತರಬೇತಿ ಶಾಲೆಯಲ್ಲಿ ಗಂಟೆ ಹೊಡೆದ ಮೇಲೆ ಕೈಯಲ್ಲಿ ಅರ ಹಿಡಿದಿದ್ದವನಿಗೂ ಶಿಕ್ಷೆ, ಗಂಟೆಗೆ ಮುಂಚೆ ಇಟ್ಟವನಿಗೂ ಶಿಕ್ಷೆ. ಆ ಅಭ್ಯಾಸ ಹೋಗಿಲ್ಲ, ಹೋಗಬೇಕೆಂದು ನಾನೂ ಬಯಸಿಲ್ಲ.

ಆ ಕಾರಿನ ಎಂಜಿನ್ ಫ್ಲ್ಯಾಟ್‌ಹೆಡ್ ಜಾತಿಯದು. ಈಗಿನ ಎಂಜಿನ್‌ಗಳಲ್ಲಿ ವಾಲ್ವ್‌ಗಳು ಮೇಲೆ, ತಲೆಯ ಭಾಗದಲ್ಲಿರುತ್ತವೆ. ಇದರಲ್ಲಿ ಸಿಲಿಂಡರುಗಳ ಪಕ್ಕದಲ್ಲೇ, ಬ್ಲಾಕಿನೊಳಗೆ ನಿಂತಿರುತ್ತವೆ. ಮೇಲಿನ ಮುಚ್ಚಳ ರೊಟ್ಟಿ ಕಾವಲಿಯಂತೆ ಚಪ್ಪಟೆ. ವಾಲ್ವ್‌ಗಳ ಕೆಳಗೆ ಉದ್ದಕ್ಕೂ ಮಲಗಿರುವ ಸಲಾಕೆಯೇ ಕ್ಯಾಮ್‌ಶಾಫ್ಟ್. ಅದರ ಮೇಲೆ ಹನ್ನೆರಡು ಮೊಟ್ಟೆಯಾಕಾರದ ಕ್ಯಾಮ್‌ಗಳು. ಸಲಾಕೆ ತಿರುಗಿದಂತೆ ಒಂದೊಂದು ಕ್ಯಾಮ್ ಒಂದೊಂದು ವಾಲ್ವನ್ನು ಮೇಲಕ್ಕೆ ತಳ್ಳುತ್ತದೆ. ಇಷ್ಟೇ ವಿಷಯ.

ಕಷ್ಟ ಬೇರೆ ಕಡೆ ಇದೆ. ಅದೇ ಎಂಜಿನ್ನನ್ನು ತಯಾರಕರು ಕಾರಿಗೂ ಹಾಕಿದರು, ತೋಟಗಳಲ್ಲಿ ನೀರೆತ್ತುವ ಪಂಪಿಗೂ ಹಾಕಿದರು. ಎರಡರ ಕ್ಯಾಮ್‌ಶಾಫ್ಟೂ ಒಂದೇ ಅಚ್ಚಿನ ಎರಕ. ಎರಕದ ಮೇಲೆ ಉಬ್ಬಿ ನಿಂತ ನಂಬರೂ ಒಂದೇ. ಆದರೆ ಕಾರಿನದನ್ನು ವೇಗಕ್ಕೆ ತಕ್ಕಂತೆ ಮಸೆದಿರುತ್ತಾರೆ, ಪಂಪಿನದನ್ನು ನಿಧಾನಕ್ಕೆ ತಕ್ಕಂತೆ. ಪಂಪಿನದನ್ನು ಕಾರಿಗೆ ಹಾಕಿದರೂ ಕಾರು ಓಡುತ್ತದೆ. ಓಡುವುದೇ ತೊಂದರೆ. ಓಡದಿದ್ದರೆ ಮೋಸ ತಕ್ಷಣ ಗೊತ್ತಾಗುತ್ತಿತ್ತು. ಇಲ್ಲಿ ಎತ್ತರದ ರಸ್ತೆ ಬಂದಾಗ ಉಸಿರು ಕಟ್ಟಿದಂತಾಗುತ್ತದೆ. ವಯಸ್ಸಾಯಿತು ಪಾಪ ಅನ್ನುತ್ತಾರೆ ಜನ.

ಬೇರೆ ಮಾಡಿ ಗುರುತಿಸಲು ಎರಡು ದಾರಿ. ಮೈಕ್ರೊಮೀಟರಿನಿಂದ ಕ್ಯಾಮಿನ ಎತ್ತರ ಅಳೆಯುವುದು ಒಂದು. ಇನ್ನೊಂದು, ಎರಡನೆಯ ಮತ್ತು ಮೂರನೆಯ ಕ್ಯಾಮಿನ ನಡುವೆ, ಮಸೆಯದೆ ಬಿಟ್ಟ ಒರಟು ಭಾಗದಲ್ಲಿ, ಹೆಸರುಕಾಳಿನಷ್ಟು ಅಗಲದ ಒಂದು ಉಬ್ಬು ವೃತ್ತ. ಅದು ಕಾರಿನದಕ್ಕೆ ಇರುತ್ತದೆ, ಪಂಪಿನದಕ್ಕೆ ಇರುವುದಿಲ್ಲ. ಬೆಳಕು ಓರೆಯಾಗಿ ಬೀಳಬೇಕು, ಮೇಲಿನ ಜಿಡ್ಡು ಹೋಗಿರಬೇಕು, ಆಗ ಕಾಣುತ್ತದೆ. ನಾನು ಮೊದಲ ದಿನವೇ ಅದರ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಟ್‌ಬುಕ್ಕಿಗೆ ಅಂಟಿಸಿದ್ದೆ. ಕಾರ್ಖಾನೆಯಲ್ಲಿ ಹೊಸಬರಿಗೆ ನಾನು ಹೇಳುತ್ತಿದ್ದದ್ದು ಇದೇ: ಚೀಟಿ ಓದಬೇಡಿ, ಎರಕ ಓದಿ.

ಡಾಕ್ಟರ ಬಳಿ ಎರಡೂ ಇದ್ದವು. ಕಾರಿನ ಸ್ವಂತ ಶಾಫ್ಟ್ ಒಂದು. ಥೀಕಾ ಕಡೆಯ ಕತ್ತಾಳೆ ತೋಟದ ಹಳೆ ಪಂಪಿನಿಂದ ಯಾವತ್ತೋ ತಂದಿಟ್ಟ ಶಾಫ್ಟ್ ಇನ್ನೊಂದು. ಎರಡಕ್ಕೂ ಗಟ್ಟಿ ಗ್ರೀಸ್ ಬಳಿದು, ಕಂದು ಕಾಗದ ಸುತ್ತಿ, ದಾರದಿಂದ ರಟ್ಟಿನ ಚೀಟಿ ಕಟ್ಟಿದೆ. ಕೆಂಪು ಶಾಯಿಯಲ್ಲಿ ಒಂದರ ಮೇಲೆ ‘ಕಾರು’, ಒಂದರ ಮೇಲೆ ‘ಪಂಪು’.

ಇನ್ನು ಫುಂಡಿಯ ವಿಷಯ. ಇಲ್ಲಿ ಕೈಕೆಲಸ ಬಲ್ಲವನನ್ನು ಫುಂಡಿ ಅನ್ನುತ್ತಾರೆ. ಇಂಡಸ್ಟ್ರಿಯಲ್ ಏರಿಯಾದಲ್ಲಿ ತಗಡಿನ ಶೆಡ್ಡು, ಒಂದು ಹಳೆಯ ಲೇತು, ಐವತ್ತು ದಾಟಿದ ವಯಸ್ಸು, ಕಡಿಮೆ ಮಾತು. ಹಳೆ ಕಾರು ಇಟ್ಟುಕೊಂಡ ನಮ್ಮ ಏಳೆಂಟು ಜನರ ಗುಂಪಿನ ಕೆಲಸವೇ ಅವನ ಶೆಡ್ಡಿನ ಮುಕ್ಕಾಲು ಭಾಗದ ಕೆಲಸ. ಒಬ್ಬರು ಹೇಳಿ ಇನ್ನೊಬ್ಬರು, ಅವರು ಹೇಳಿ ಮತ್ತೊಬ್ಬರು, ಹಾಗೆ ಸೇರಿದ ಜನ. ಅದೇ ದಾರಿಯಲ್ಲಿ ಎಲ್ಲರೂ ಹೋಗಿಬಿಡಬಹುದೆಂಬುದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅವನಲ್ಲಿ ನನಗೆ ಅನುಮಾನವಿತ್ತೇ? ಇತ್ತು. ಅವನೊಬ್ಬನ ಮೇಲಲ್ಲ. ಈ ಊರಿಗೆ ಬಂದ ಮೊದಲ ತಿಂಗಳೇ ಎಲ್ಲರೂ ಹೇಳಿದ ಬುದ್ಧಿ ಒಂದೇ: ಕಾರಿನ ಕನ್ನಡಿ, ದೀಪ, ಕಿಟಕಿಯ ಗಾಜು, ಎಲ್ಲದರ ಮೇಲೂ ನಂಬರು ಕೊರೆಸಿ. ಗ್ಯಾರೇಜಿಗೆ ಬಿಟ್ಟು ಮನೆಗೆ ಬರಬೇಡಿ, ಎದುರಿಗೇ ಕೂತಿರಿ. ಹಾಗಾಗಿ ನನ್ನ ಡಿಕ್ಕಿಯಲ್ಲಿ ಸದಾ ಒಂದು ಮಡಚುವ ಸ್ಟೂಲು ಇರುತ್ತದೆ. ಕೂತು ನೋಡುವುದು ಅವಮಾನವೆಂದು ಇಲ್ಲಿ ಯಾವ ಫುಂಡಿಯೂ ತಿಳಿಯುವುದಿಲ್ಲ. ಆದರೆ ಲೇತಿನ ಕೆಲಸಕ್ಕೆ ನಾಲ್ಕು ದಿನ ಬೇಕು. ನಾಲ್ಕು ದಿನ ಸ್ಟೂಲಿನ ಮೇಲೆ ಕೂರಲು ನನ್ನ ಸೊಂಟ ಒಪ್ಪಲಿಲ್ಲ.

ಜನವರಿಯ ಒಂದು ಸೋಮವಾರ ‘ಕಾರು’ ಚೀಟಿಯ ಪೊಟ್ಟಣವನ್ನು ಅವನ ಕೈಗೆ ಕೊಟ್ಟೆ. ಜೊತೆಗೆ ನನ್ನ ಸಹಿಯ ಕಾಗದ: ನಾಲ್ಕು ಬೇರಿಂಗ್ ಜಾಗಗಳನ್ನು ಮಾತ್ರ ಪಾಲಿಶ್ ಮಾಡುವುದು. ಕ್ಯಾಮ್‌ಗಳನ್ನು ಮುಟ್ಟಬಾರದು. ಮುಂಭಾಗದ ಮೂರು ಬೋಲ್ಟ್ ತೂತುಗಳಿಗೆ ಏನನ್ನೂ ಹಾಕಬಾರದು, ಥ್ರೆಡ್ ಕೆಟ್ಟರೆ ನೀನೇ ಹೊಣೆ. ಅವನು ಕಾಗದವನ್ನು ಎರಡು ಸಲ ಓದಿ ಜೇಬಿಗಿಟ್ಟುಕೊಂಡ.

ಗುರುವಾರ ಬೆಳಿಗ್ಗೆ ಶಾಫ್ಟ್ ವಾಪಸು ಬಂತು. ಬೇರಿಂಗ್ ಜಾಗಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಮನೆಗೆ ತಂದು, ಬಾಲ್ಕನಿಯ ಬೆಳಕಿಗೆ ಓರೆಯಾಗಿ ಹಿಡಿದು, ಎರಡನೆಯ ಮತ್ತು ಮೂರನೆಯ ಕ್ಯಾಮಿನ ನಡುವೆ ನೋಡಿದೆ. ವೃತ್ತ ಇರಲಿಲ್ಲ.

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಉಜ್ಜಿದೆ. ಭೂತಗನ್ನಡಿ ತಂದೆ. ಬೆರಳಿನಿಂದ ಸವರಿದೆ. ಅರದಿಂದ ಉಜ್ಜಿ ತೆಗೆದ ಗೆರೆಗಳೂ ಇರಲಿಲ್ಲ. ಒರಟು ಎರಕ ಹಾಗೆಯೇ ಇತ್ತು. ಅಂದರೆ ವೃತ್ತವನ್ನು ಯಾರೂ ಅಳಿಸಿರಲಿಲ್ಲ, ಅದು ಅಲ್ಲಿ ಎಂದೂ ಇರಲೇ ಇಲ್ಲ. ಮೈಕ್ರೊಮೀಟರ್ ಹಚ್ಚಿದೆ. ಹನ್ನೆರಡು ಕ್ಯಾಮ್‌ಗಳೂ ನೋಟ್‌ಬುಕ್ಕಿನ ಅಳತೆಗಿಂತ ತಗ್ಗು. ಇದು ಯಾವುದೋ ಪಂಪಿನ ಶಾಫ್ಟು.

ಈ ದೇಶದ ತೋಟಗಳಲ್ಲಿ ಅಂಥ ಪಂಪುಗಳಿಗೆ ಬರವಿಲ್ಲ. ಗುಜರಿಯಲ್ಲಿ ಪಂಪಿನ ಶಾಫ್ಟ್ ಸಿಗುತ್ತದೆ, ಕಾರಿನದು ಸಿಗುವುದಿಲ್ಲ. ನಮ್ಮ ಗುಂಪಿನಲ್ಲೇ ಇನ್ನೊಬ್ಬರ ಬಳಿ ಇದೇ ಎಂಜಿನ್ನಿನ ಕಾರಿದೆ. ಅಪ್ಪರ್ ಹಿಲ್ಲಿನ ಒಂದು ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿರುವವರು. ಅವರ ಎಂಜಿನ್ನೂ ಅದೇ ತಿಂಗಳು ಅದೇ ಶೆಡ್ಡಿನಲ್ಲಿತ್ತು. ಎರಡು ಮತ್ತು ಎರಡು ಸೇರಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಏನ್ರೀ, ಪೇಪರ್ ಓದೋ ಹೊತ್ತು ಮೀರಿತು. ಯಾರಾದ್ರೂ ಹೋಗ್ಬಿಟ್ರಾ?”

“ಶಾಫ್ಟ್ ಬದಲಾಯಿಸಿದ್ದಾನೆ.”

“ಯಾರು, ಫುಂಡಿನಾ? ಇನ್ನೊಂದನ್ನ ನೋಡಿದ್ರಾ?”

“ಅದರ ಮೇಲೆ ಚೀಟಿ ಇದೆ.”

“ಚೀಟಿ ಬರ್ದಿದ್ದೂ ನೀವೇ, ಕಟ್ಟಿದ್ದೂ ನೀವೇ. ಅದಕ್ಕೇ ಕೇಳ್ದೆ” ಅಂದು ಲೋಟ ಇಟ್ಟು ಹೋದಳು.

ಅದು ಅವಳ ಮಾಮೂಲು ಚುಚ್ಚುಮಾತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂಲೆಯಲ್ಲಿ ‘ಪಂಪು’ ಚೀಟಿಯ ಪೊಟ್ಟಣ ಗಂಟು ಬಿಚ್ಚದೆ ನಿಂತಿತ್ತು. ನನ್ನದೇ ಅಕ್ಷರ, ನನ್ನದೇ ಗಂಟು.

ಡಾಕ್ಟರಿಗೆ ಫೋನ್ ಮಾಡಿದೆ.

“ಎಂತ ಹೇಳ್ತೀರಿ ಇಂಜಿನಿಯರ್ರೇ! ಅವ ಹಾಗೆ ಮಾಡುವವ ಅಲ್ಲ ಮಾರಾಯ್ರೆ. ನೀವು ಸರಿಯಾಗಿ ನೋಡಿದ್ದು ಹೌದಾ?”

“ನೋಡಿದೆ, ಉಜ್ಜಿದೆ, ಅಳೆದೆ.”

“ಅದು ನನ್ನ ಅಪ್ಪನ ಕಾರು” ಅಂದರು ಡಾಕ್ಟರು. “ಹಾಗಾದ್ರೆ ಬಿಡ್ಲಿಕ್ಕೆ ಆಗುದಿಲ್ಲ. ಆದಿತ್ಯವಾರ ಎಲ್ಲರೂ ನಮ್ಮಲ್ಲಿಗೆ ಚಾಕ್ಕೆ ಬರ್ತಾರೆ. ನೀವು ಎದ್ದು ನಿಂತು ಹೇಳಿ. ನೀವು ಹೇಳಿದ್ರೆ ಮತ್ತೆ ಒಬ್ಬನೂ ಅವನ ಶೆಡ್ಡಿಗೆ ಕಾಲಿಡುದಿಲ್ಲ.”

“ಭಾನುವಾರದವರೆಗೆ ಯಾರಿಗೂ ಬಾಯಿ ಬಿಡಬೇಡಿ ಡಾಕ್ಟ್ರೇ. ಸಾಕ್ಷಿ ಕೈಗೆ ಬರಲಿ.”

ಶುಕ್ರವಾರ ಹೇಳದೆ ಕೇಳದೆ ಶೆಡ್ಡಿಗೆ ಹೋದೆ. ನಾನು ಹೋಗುವುದು ಸೋಮವಾರ ಅಥವಾ ಗುರುವಾರ. ಅದು ಅವನಿಗೆ ಗೊತ್ತು. ಹಾಗಾಗಿ ಶುಕ್ರವಾರವೇ ಆರಿಸಿದೆ. ಅವನು ಲೇತಿನ ಮೇಲೆ ಬಗ್ಗಿದ್ದ. ಗ್ಯಾಸ್ಕೆಟ್ ಇದೆಯೇ ಎಂದು ಕೇಳಿದೆ. ಹುಡುಕಲು ಒಳಗೆ ಹೋದ. ಕಿಟಕಿಯ ಪಕ್ಕದ ಗೂಡಿನಲ್ಲಿ ಒಂದು ಕ್ಯಾಮ್‌ಶಾಫ್ಟ್ ಮಲಗಿತ್ತು. ಮೇಲೆ ಬಟ್ಟೆ. ಬಟ್ಟೆ ಸರಿಸಿದೆ. ಎರಡನೆಯ ಮತ್ತು ಮೂರನೆಯ ಕ್ಯಾಮಿನ ನಡುವೆ, ಹೆಸರುಕಾಳಿನಷ್ಟು ಅಗಲ, ಸ್ಪಷ್ಟವಾದ ವೃತ್ತ.

ಶಾಫ್ಟಿನ ತುದಿ ತಿರುಗಿಸಿದೆ. ಬ್ಯಾಂಕಿನವರ ಕಾರಿನ ನಂಬರನ್ನು ಅಲ್ಲಿ ಕೊರೆದಿತ್ತು, ಕನ್ನಡಿಗಳ ಮೇಲೆ ಕೊರೆಸುತ್ತೇವಲ್ಲ ಹಾಗೆ. ಕೊರೆದ ಗೆರೆಗಳು ಹೊಸದಾಗಿ ಬೆಳ್ಳಗೆ ಮಿಂಚುತ್ತಿದ್ದವು. ಹಳೆ ಶಾಫ್ಟಿನ ಮೇಲೆ ಹೊಸ ನಂಬರು ಏಕೆ? ಕೊರೆಯಲು ಐದು ನಿಮಿಷ ಸಾಕು. ಯಾರದನ್ನು ಬೇಕಾದರೂ ಯಾರದಾಗಿ ಮಾಡಲು ಆ ಐದು ನಿಮಿಷ ಸಾಕು.

“ಆ ಗ್ಯಾಸ್ಕೆಟ್ ಇಲ್ಲ, ಮ್ಜೇ” ಅಂದ ಅವನು ಬಾಗಿಲಲ್ಲಿ ನಿಂತು. ಹಿರಿಯರನ್ನು ಇಲ್ಲಿ ಹಾಗೆ ಕರೆಯುತ್ತಾರೆ. ನನ್ನ ಕೈ ಬಟ್ಟೆಯ ಮೇಲೆ ಇತ್ತು. ಅವನು ನನ್ನ ಕೈ ನೋಡಿದ, ಮುಖ ನೋಡಿದ. ನಾನು ಅಸಾಂಟೆ ಎಂದು ಧನ್ಯವಾದ ಹೇಳಿ ಹೊರಟುಬಂದೆ.

ದಾರಿಯಲ್ಲೇ ಕಾರು ಬದಿಗೆ ನಿಲ್ಲಿಸಿ ಡಾಕ್ಟರಿಗೆ ಹೇಳಿದೆ. ಹೇಳಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಸರಿ ಅನ್ನಿಸಿತು; ವರದಿಯನ್ನು ಅದೇ ದಿನ ಕೊಡಬೇಕೆಂಬುದು ನಾನು ಕಲಿತ ಪಾಠ. ಬಾಯಿ ಬಿಡಬೇಡಿ ಎಂದು ನಾನು ಹೇಳಿದ್ದರೂ ಡಾಕ್ಟರು ಅದೇ ಸಂಜೆ ಬ್ಯಾಂಕಿನವರಿಗೆ ಫೋನ್ ಮಾಡಿ, ‘ನಿಮ್ಮ ಶಾಫ್ಟನ್ನು ನೀವು ಇತ್ತೀಚೆಗೆ ಕಣ್ಣಾರೆ ನೋಡಿದ್ದೀರಾ?’ ಎಂದು ಮಾತ್ರ ಕೇಳಿದರಂತೆ. ಅಷ್ಟೇ.

ಶನಿವಾರ ಎಂಟೂವರೆಗೆ ನೋಟ್‌ಬುಕ್, ಮೈಕ್ರೊಮೀಟರ್, ವಾಪಸು ಬಂದ ಶಾಫ್ಟ್ ಮತ್ತು ಸ್ಟೂಲು ತೆಗೆದುಕೊಂಡು ಶೆಡ್ಡಿಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ಕಂಡದ್ದು ಖಾಲಿ ಸ್ಟ್ಯಾಂಡು. ಬ್ಯಾಂಕಿನವರ ಎಂಜಿನ್ ಇದ್ದ ಜಾಗದಲ್ಲಿ ನೆಲದ ಮೇಲೆ ಎಣ್ಣೆಯ ಚೌಕ. ಗೂಡಿನಲ್ಲಿ ಬಟ್ಟೆ ಇತ್ತು, ಶಾಫ್ಟ್ ಇರಲಿಲ್ಲ.

“ಎಂಟಕ್ಕೆ ಪಿಕಪ್ ಬಂತು” ಅಂದ ಫುಂಡಿ. ನಾವಿಬ್ಬರೂ ಮಾತಾಡುವುದು ಸ್ವಾಹಿಲಿ, ಇಂಗ್ಲಿಷ್ ಬೆರೆಸಿ. “ಅರ್ಧ ಕೆಲಸದಲ್ಲಿ ಎತ್ತಿಕೊಂಡು ಹೋದರು. ಕಾರಣ ಕೇಳಿದೆ, ಹೇಳಲಿಲ್ಲ. ನಿಮಗೆ ಗೊತ್ತಿರಬೇಕು.”

ಮರೆಮಾಚುವುದು ನನ್ನ ಜಾಯಮಾನವಲ್ಲ. ನೋಟ್‌ಬುಕ್ಕನ್ನು ಅವನ ಬೆಂಚಿನ ಮೇಲೆ ಬಿಚ್ಚಿಟ್ಟು, ಪೆನ್ಸಿಲ್ ಅಚ್ಚಿನ ವೃತ್ತದ ಮೇಲೆ ಬೆರಳಿಟ್ಟು ಎಲ್ಲ ಹೇಳಿದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಆಮೇಲೆ ಕನ್ನಡಕ ಹಾಕಿಕೊಂಡು ಅಚ್ಚನ್ನು ನೋಡಿದ.

“ಇದು ಸರಿ. ಕಾರಿನದಕ್ಕೆ ಈ ವೃತ್ತ ಇರುತ್ತದೆ. ನೀವು ಸೋಮವಾರ ಕೊಟ್ಟದ್ದರಲ್ಲಿ ಇರಲಿಲ್ಲ.”

“ಹಾಗಾದರೆ ಅವತ್ತೇ ಏಕೆ ಹೇಳಲಿಲ್ಲ?”

“ಬಿಚ್ಚಿ ನೋಡೋಣ ಅಂದೆ, ಮ್ಜೇ. ನೀವು ವಾಚ್ ನೋಡಿ, ಒಂಬತ್ತಾಯಿತು, ಚೀಟಿ ಇದೆಯಲ್ಲ ಅಂದಿರಿ. ಆಮೇಲೆ ಬಿಚ್ಚಿದೆ. ವೃತ್ತ ಇಲ್ಲ. ಚೀಟಿಯಲ್ಲಿ ಕಾರು ಅಂತ ಇದೆ ಅಂತ ನೀವೇ ಹೇಳಿದ್ದಿರಿ. ಕಾಗದ ತುಂಬ ಮುಟ್ಟಬೇಡ, ಮುಟ್ಟಬೇಡ. ನಿಮ್ಮ ಚೀಟಿ ತಪ್ಪು ಅಂತ ನಾನು ಹೇಳಿದ್ದರೆ ನೀವು ನಂಬುತ್ತಿದ್ದಿರಾ?”

“ಬ್ಯಾಂಕಿನವರ ಶಾಫ್ಟಿಗೆ ಹೊಸದಾಗಿ ನಂಬರು ಕೊರೆದದ್ದು ಯಾರು?”

“ಅವರೇ. ಹೋದ ವಾರ ಇಲ್ಲಿ ಕೂತು ಕೊರೆಸಿದರು, ಬರಲಿರುವ ನಿಮ್ಮದರ ಜೊತೆ ಅದಲು ಬದಲಾಗಬಾರದು ಅಂತ. ಅವರಿಗೂ ನನ್ನ ಮೇಲೆ ಅನುಮಾನ, ನಿಮಗೂ ಅನುಮಾನ. ಈ ಊರಿನ ಗಾಳಿ ಎಲ್ಲರಿಗೂ ಒಂದೇ.” ಅವನು ನಗಲಿಲ್ಲ. “ನಿನ್ನೆ ಗ್ಯಾಸ್ಕೆಟ್ ಕೇಳಿದಿರಿ. ಆ ಗ್ಯಾಸ್ಕೆಟ್ ಈ ಊರಿನಲ್ಲೇ ಇಲ್ಲ ಅಂತ ನಿಮಗೂ ಗೊತ್ತು. ಆದರೂ ಒಳಗೆ ಹೋಗಿ ಹುಡುಕುವ ಹಾಗೆ ಮಾಡಿದೆ. ನೋಡಿಕೊಳ್ಳಲಿ ಅಂತ.”

ಅವನ ಮಾತು ಒಂದಕ್ಕೊಂದು ಹೊಂದುತ್ತಿತ್ತು. ಆದರೆ ಮಾತು ಹೊಂದುವುದು ಸಾಕ್ಷಿಯಲ್ಲ. ಮಾತು ಚೆನ್ನಾಗಿ ಆಡುವವರನ್ನು ಕಾರ್ಖಾನೆಯಲ್ಲಿ ಬೇಕಾದಷ್ಟು ನೋಡಿದ್ದೇನೆ.

ಅವನು ಶಾಫ್ಟನ್ನು ಬೆಂಚಿನ ಮೇಲೆ ಮರದ ತುಂಡಿನ ಆಸರೆ ಕೊಟ್ಟು ಮಲಗಿಸಿದ. ತುದಿ ಬಗ್ಗಿಸಿದ ಸಣ್ಣ ತಂತಿಯೊಂದನ್ನು ತೆಗೆದುಕೊಂಡ.

“ನನ್ನ ಗ್ರೀಸ್ ಕಪ್ಪು. ಡ್ರಮ್ಮು ಅಲ್ಲಿದೆ, ನೋಡಿ. ನಿಮ್ಮದು ಜೇನುತುಪ್ಪದ ಬಣ್ಣ. ಈ ಬೋಲ್ಟ್ ತೂತುಗಳನ್ನು ನಾನು ಮುಟ್ಟಿಲ್ಲ, ನೀವು ಬೇಡ ಅಂದಿದ್ದಿರಿ. ಒಳಗೆ ಯಾರ ಗ್ರೀಸ್ ಇದೆ ನೋಡೋಣ. ಅಪ್ಪಣೆ ಇದೆಯಾ?”

ಇದೆ ಅಂದೆ. ಮೊದಲ ತೂತಿನಿಂದ ತಂತಿ ಜೇನಿನ ಬಣ್ಣದ ಗ್ರೀಸ್ ಎತ್ತಿತು.

“ಈ ಗ್ರೀಸ್ ಯಾರು ಬೇಕಾದರೂ ಕೊಳ್ಳಬಹುದು” ಅಂದೆ.

“ಸವಾ” ಅಂದ, ಆಗಲಿ ಎಂಬಂತೆ. ಎರಡನೆಯ ತೂತಿಗೆ ತಂತಿ ಇಳಿಸಿ, ಸುತ್ತ ತಿರುಗಿಸಿ, ಹೊರಕ್ಕೆ ಎಳೆದು, ಬಂದದ್ದನ್ನು ಹಳೆ ಪೇಪರಿನ ಮೇಲೆ ಒರೆಸಿದ. ಗ್ರೀಸಿನ ಮುದ್ದೆಯಲ್ಲಿ ಏನೋ ಗಟ್ಟಿ ಇತ್ತು. ತಂತಿಯ ತುದಿಯಿಂದ ಬಿಡಿಸಿದ. ಕನ್ನಡಕ ಹಣೆಗೆ ಏರಿಸಿ ಹತ್ತಿರ ಬಗ್ಗಿದ.

“ಮ್ಜೇ, ಇದು ಅಕ್ಕಿ.”

ಅಕ್ಕಿಯೇ. ಒಂದು ಕಾಳು. ಹಳದಿ, ಒಂದು ತುದಿಗೆ ಕುಂಕುಮದ ಕೆಂಪು.

“ನಿಮ್ಮ ಕಡೆ ಎಂಜಿನ್‌ಗೂ ಊಟ ಹಾಕುತ್ತಾರಾ?” ಅಂದ ಅವನು. ಈ ಸಲ ನಗುತ್ತಿದ್ದನೋ ಇಲ್ಲವೋ ನಾನು ನೋಡಲಿಲ್ಲ. ಸ್ಟೂಲು ಬಿಚ್ಚಿ ಕೂತೆ.

ಹಾಕುತ್ತೇವೆ, ವರ್ಷಕ್ಕೊಮ್ಮೆ. ಅಕ್ಟೋಬರಿನ ಆಯುಧಪೂಜೆಯ ದಿನ ಆ ಕೋಣೆಯ ಕಬ್ಬಿಣವನ್ನೆಲ್ಲ ಒಂದು ಹಲಗೆಯ ಮೇಲೆ ಜೋಡಿಸಿದ್ದೆ. ಸ್ಪ್ಯಾನರು, ಸುತ್ತಿಗೆ, ಮೈಕ್ರೊಮೀಟರು, ವಾಲ್ವ್‌ಗಳು, ನಡುವೆ ಎರಡು ಶಾಫ್ಟುಗಳು: ಎಡಕ್ಕೆ ಕಾರಿನದು, ಬಲಕ್ಕೆ ಪಂಪಿನದು. “ಆ ಎಣ್ಣೆ ಹಿಡಿದ ರಟ್ಟುಗಳನ್ನ ದೇವರ ಮುಂದೆ ಇಡ್ಬೇಡಿ” ಅಂದಳು ಹೆಂಡತಿ. ಚೀಟಿಗಳನ್ನು ಬಿಚ್ಚಿ ಜೇಬಿಗಿಟ್ಟುಕೊಂಡೆ. “ಕಾಗದಕ್ಕೆ ಕುಂಕುಮ ಇಡಕ್ಕಾಗತ್ತಾ, ಸ್ವಲ್ಪ ಕಬ್ಬಿಣ ಕಾಣಿಸ್ಲಿ” ಅಂದಳು. ಶಾಫ್ಟುಗಳ ಮುಂಭಾಗದ ಕಾಗದ ಮಾತ್ರ ಮಡಚಿದೆ. ಆ ಮುಖಗಳು ಎರಡರದ್ದೂ ಒಂದೇ ಥರ: ಮೂರು ತೂತು, ಗುರುತಿಲ್ಲ. ನಾನು ಮಂಗಳಾರತಿ ತಟ್ಟೆ ತರಲು ಒಳಗೆ ಹೋಗಿದ್ದಾಗ, ದೀಪ ಪೂರ್ವಕ್ಕೆ ಬರಲೆಂದು ಅವಳು ಹಲಗೆಯನ್ನೇ ಅರ್ಧ ಸುತ್ತು ತಿರುಗಿಸಿ, ಶಾಫ್ಟುಗಳ ಮುಖ ಮತ್ತೆ ನಮ್ಮ ಕಡೆಗೆ ಬರುವಂತೆ ಒಂದೊಂದನ್ನೇ ಹೊರಳಿಸಿದ್ದಳು. ಎಡದ್ದು ಬಲಕ್ಕೆ ಬಂತು. ಕುಂಕುಮ ಇಟ್ಟಳು, ಇಬ್ಬರೂ ಅಕ್ಷತೆ ಹಾಕಿದೆವು. ಆ ದಿನ ಆಯುಧ ಮುಟ್ಟಬಾರದು. ಮರುದಿನ ಏಳಕ್ಕೆ ಸರಿಯಾಗಿ ಕೋಣೆಗೆ ಹೋಗಿ, ಕುಂಕುಮ ಒರೆಸಿ, ತೂತುಗಳಿಗೆ ಗ್ರೀಸ್ ತುಂಬಿ, ಕಾಗದ ಮುಚ್ಚಿ, ಎಡದ್ದಕ್ಕೆ ‘ಕಾರು’, ಬಲದ್ದಕ್ಕೆ ‘ಪಂಪು’ ಕಟ್ಟಿದೆ. ಎರಕ ಓದಲಿಲ್ಲ. ಹಲಗೆ ತಿರುಗಿಸಿದ್ದು ಆ ಶನಿವಾರ ಮನೆಗೆ ಹೋಗಿ ಅವಳನ್ನು ಕೇಳಿದಾಗ ತಿಳಿಯಿತು. ಆದರೆ ಆ ಅಕ್ಕಿಕಾಳು ನೋಡಿದಾಗಲೇ ಒಂದು ಖಚಿತವಾಯಿತು: ಈ ಶಾಫ್ಟ್ ನಮ್ಮ ಮನೆಯಿಂದ ಬಂದದ್ದು.

“ನಾನು ಮನೆಗೆ ಹೋಗಿ ನೋಡುತ್ತೇನೆ” ಅಂದೆ.

“ನೋಡಿ. ಆದರೆ ಮ್ಜೇ, ಎಂಜಿನ್ ಹೋಗಿಯಾಯಿತು.” ಅವನು ಖಾಲಿ ಸ್ಟ್ಯಾಂಡಿನ ಕಡೆ ಗದ್ದ ಎತ್ತಿದ. “ಉಳಿದವರದೂ ಹೋಗುತ್ತದೆ. ಅಕ್ಕಿಕಾಳು ಅವರ್ಯಾರೂ ನೋಡಿಲ್ಲ.”

ಆ ಕಾಳನ್ನು ಪೇಪರಿನ ತುಂಡಿನಲ್ಲಿ ಮಡಚಿ ನೋಟ್‌ಬುಕ್ಕಿನೊಳಗೆ ಇಟ್ಟೆ.

ಮನೆಯಲ್ಲಿ ‘ಪಂಪು’ ಚೀಟಿಯ ಗಂಟು ಬಿಚ್ಚಿದೆ. ನನ್ನ ಗಂಟು ಬಿಗಿ. ಅವಸರಕ್ಕೆ ಕತ್ತರಿ ಬೇಕಾಯಿತು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ ಬಾಲ್ಕನಿಗೆ ತಂದೆ. ಎರಡನೆಯ ಮತ್ತು ಮೂರನೆಯ ಕ್ಯಾಮಿನ ನಡುವೆ ವೃತ್ತ ಇತ್ತು. ಒಂದು ಸಲ ನೋಡಿದ್ದು ಸಾಲದೆಂದು ಪೆನ್ಸಿಲ್ ಅಚ್ಚು ತೆಗೆದು ಹಳೆಯದರ ಪಕ್ಕ ಇಟ್ಟೆ. ಅದೇ.

ಹೆಂಡತಿ ಎಲ್ಲ ಕೇಳಿದಳು. “ಹಲಗೆ ತಿರುಗ್ಸಿದ್ದು ನಾನೇ. ತಪ್ಪು ನಂದೂ ಇದೆ ಅಂತ ಹೇಳ್ಬಿಡಿ” ಅಂದಳು. ಸ್ವಲ್ಪ ಬಿಟ್ಟು, “ಗುರುವಾರ ನಾನು ಕೇಳ್ದಾಗ ಬಿಚ್ಚಿದ್ರೆ ಕತ್ತರಿನೂ ಬೇಕಾಗ್ತಿರ್ಲಿಲ್ಲ” ಅಂದಳು.

ಭಾನುವಾರ ಡಾಕ್ಟರ ವರಾಂಡದಲ್ಲಿ ಏಳು ಜನ. ಚಹಾ, ಗೋಳಿಬಜೆ, ಮರದ ಮೇಲೆ ಕಾಯುತ್ತಿದ್ದ ಎರಡು ಕೋತಿ. ಡಾಕ್ಟರು ನನ್ನನ್ನು ಕಣ್ಣಲ್ಲೇ ಕೇಳಿದರು. ಎದ್ದು ನಿಂತೆ. ಬರೆದುಕೊಂಡು ಹೋಗಿದ್ದದ್ದನ್ನು ಓದಿದೆ: ಶಾಫ್ಟ್ ಬದಲಾಗಿದೆ ಎಂದು ನಾನು ಹೇಳಿದ್ದು ಸುಳ್ಳು. ಬದಲಾದದ್ದು ಚೀಟಿ. ಕಟ್ಟಿದವನು ನಾನು. ಫುಂಡಿ ನನ್ನ ಕಾಗದದಲ್ಲಿ ಬರೆದದ್ದನ್ನು ಅಕ್ಷರಶಃ ಮಾಡಿದ್ದಾನೆ, ಅವನ ಕೆಲಸದಲ್ಲಿ ದೋಷವಿಲ್ಲ. ಆಮೇಲೆ ಅಕ್ಕಿಕಾಳನ್ನು ತಟ್ಟೆಯಲ್ಲಿಟ್ಟು ಎಲ್ಲರಿಗೂ ತೋರಿಸಿದೆ.

“ಅಯ್ಯೋ ದೇವರೇ” ಅಂದರು ಡಾಕ್ಟರು. “ನಾನು ಅವನ ಹೆಸರನ್ನು ಮಣ್ಣು ಮಾಡ್ಲಿಕ್ಕೆ ಹೊರಟಿದ್ದೆ ಅಲ್ಲ ಮಾರಾಯ್ರೆ, ಒಂದು ಅಕ್ಕಿಕಾಳಿಗೆ!”

ಕೆಲವರು ನಕ್ಕರು. ಬ್ಯಾಂಕಿನವರು ನಗಲಿಲ್ಲ. “ನನಗೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ” ಅಂದರು. “ಅಂಥ ಪ್ರಶ್ನೆ ಕೇಳಿದ ಮೇಲೆ ಯಾರು ಸುಮ್ಮನಿರುತ್ತಾರೆ? ಎಂಜಿನ್ ಈಗ ನನ್ನ ಮನೆಯ ಅಂಗಳದಲ್ಲಿ ಟಾರ್ಪಾಲಿನ ಕೆಳಗಿದೆ. ವಾಪಸು ಕಳಿಸಿದರೆ ಅವನು ಮುಖ ಕೊಟ್ಟು ಕೆಲಸ ಮಾಡುತ್ತಾನೆಯೇ? ಇಷ್ಟೆಲ್ಲ ಆದ ಮೇಲೆ ನಾನೇ ಹೋಗಿ ಕೇಳಲಾರೆ.”

“ನೀವು ಪಿಕಪ್ ಕಳಿಸಿ. ನಾನು ಅದರಲ್ಲಿ ಹೋಗುತ್ತೇನೆ” ಅಂದೆ.

ಆ ಹೊತ್ತಿಗೆ ಒಂದು ಕೋತಿ ಮೇಜಿನ ಮೇಲಿಂದ ಎರಡು ಗೋಳಿಬಜೆ ಎತ್ತಿಕೊಂಡಿತ್ತು. ಮಾತು ಆ ಕಡೆ ತಿರುಗಿತು. ತಿರುಗಿದ್ದು ನನಗೆ ಒಳ್ಳೆಯದೇ ಆಯಿತು.

ಸೋಮವಾರ ಎಂಟಕ್ಕೆ ಪಿಕಪ್ಪಿನ ಹಿಂಭಾಗದಲ್ಲಿ, ಎಂಜಿನ್ನಿನ ಪಕ್ಕ, ನನ್ನ ಸ್ಟೂಲಿನ ಮೇಲೆ ಕೂತು ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆ. ಪಕ್ಕದಲ್ಲಿ ಬಂದ ಮಟಾಟು ವ್ಯಾನಿನ ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ನೋಡಿದರು. ಮಡಿಲಲ್ಲಿ ಡಾಕ್ಟರ ನಿಜವಾದ ಶಾಫ್ಟ್ ಇತ್ತು.

ಫುಂಡಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ. ನಾನು ತಪ್ಪಾಯಿತು ಅಂದೆ. ಅವನು ತಲೆಯಾಡಿಸಿದ, ಆದರೆ ಬಾಗಿಲಿನಿಂದ ಸರಿಯಲಿಲ್ಲ.

“ಇಳಿಸುವ ಮುಂಚೆ” ಅಂದು, ಕಂಕುಳಿನಿಂದ ಹೊಸ ನೋಟ್‌ಬುಕ್ ತೆಗೆದ. ಗಟ್ಟಿ ರಟ್ಟಿನದು, ನನ್ನದರ ಹಾಗೆಯೇ ಗೆರೆ ಹಾಕಿದ್ದು. ಎಂಜಿನ್ನಿನ ನಂಬರನ್ನು ತಾನೇ ಓದಿ ಬರೆದುಕೊಂಡ. ಬ್ಯಾಂಕಿನವರ ಶಾಫ್ಟಿನ ವೃತ್ತದ ಮೇಲೆ ಕಾಗದ ಹಿಡಿದು ಪೆನ್ಸಿಲ್ ಉಜ್ಜಿದ. ಡ್ರೈವರನಿಂದ ಸಹಿ ಹಾಕಿಸಿದ. ಆಮೇಲೆ ನನ್ನ ಮಡಿಲಿನ ಪೊಟ್ಟಣಕ್ಕೆ ಕೈ ಚಾಚಿದ.

“ಬಿಚ್ಚಿ.”

ನಾನು ವಾಚ್ ನೋಡಲಿಲ್ಲ. ಬಿಚ್ಚಿದೆ. ಅವನು ಬಿಸಿಲಿಗೆ ಓರೆಯಾಗಿ ಹಿಡಿದು ವೃತ್ತ ನೋಡಿದ, ನನಗೂ ತೋರಿಸಿದ, ಉಜ್ಜಿ ಅಚ್ಚು ತೆಗೆದ. ಮೈಕ್ರೊಮೀಟರ್ ಹಚ್ಚಿ ಹನ್ನೆರಡು ಅಳತೆಗಳನ್ನೂ ಗಟ್ಟಿಯಾಗಿ ಓದಿ ಬರೆದ. ಕೊನೆಗೆ ಬಗ್ಗಿಸಿದ ತಂತಿಯನ್ನು ಮೂರು ಬೋಲ್ಟ್ ತೂತುಗಳಿಗೂ ಒಂದೊಂದಾಗಿ ಇಳಿಸಿ ತಿರುಗಿಸಿದ. ನಾನು ಬೇಡ ಅನ್ನಲಿಲ್ಲ.

“ಅಕ್ಕಿ ಇಲ್ಲ” ಅಂದು, ಅದನ್ನೂ ಬರೆದ.

ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟ. ಸಹಿ ಹಾಕುವ ಮುಂಚೆ ಪ್ರತಿ ಸಾಲನ್ನೂ ಓದಿದೆ; ಏಳನೆಯ ಕ್ಯಾಮಿನ ಅಳತೆಯನ್ನು ಇನ್ನೊಮ್ಮೆ ಅಳೆದು ನೋಡಿದೆ. ಸರಿಯಾಗಿತ್ತು. ಅವನು ಬೇಸರಿಸದೆ ಕಾದ. ಸಹಿ ಹಾಕಿದೆ. ಅವನು ಜೇಬಿನಿಂದ ನಾನು ಹಿಂದಿನ ಸೋಮವಾರ ಕೊಟ್ಟಿದ್ದ ಕಾಗದ ತೆಗೆದು, ಅದರ ಸಹಿಯ ಪಕ್ಕ ಈ ಸಹಿಯನ್ನಿಟ್ಟು ಹೋಲಿಸಿ, ಆಮೇಲೆ ಬಾಗಿಲಿನಿಂದ ಸರಿದು ನಿಂತ.